ಎಲ್ಲಾ ಜಪ್ತಿ ಆಯ್ತು, ನಾಲಿಗೆ ಬಿಟ್ಟು: ಜೋರ್ಡನ್ ಬೆಲ್‌ಫೋರ್ಟ್ ಪ್ರಕರಣ

ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದವರಿಗೆ ನಾನು ಷೇರು ಮಾರುಕಟ್ಟೆಯ ಪಾಠ ಮಾಡುತ್ತೇನೆ. ಓದಲು ಕೊಡುವ ಪ್ರಕರಣಗಳೆಲ್ಲ ನಮ್ಮ ದೇಶದವೇ. ಒಂದು ಮಾತ್ರ ಅಮೆರಿಕದ್ದು, ಜೋರ್ಡನ್ ಬೆಲ್‌ಫೋರ್ಟ್ ಎಂಬ ಷೇರು ಬ್ರೋಕರ್‌ನದು. 1989ರಲ್ಲಿ ಸ್ಟ್ರಾಟನ್ ಓಕ್‌ಮಾಂಟ್ ಅನ್ನುವ ಷೇರು ಮಾರುವ ಕಂಪನಿ ಕಟ್ಟಿದ. ಜನರ ದುಡ್ಡು ನುಂಗಿದ. ಸಿಕ್ಕಿಬಿದ್ದ. ಒಳಗೆ ಹೋಗಿ ಬಂದ. ಆಮೇಲೆ ಮಾರಾಟ ಕಲಿಸುವ ಗುರುವಾಗಿ ಮತ್ತೆ ದುಡಿಯತೊಡಗಿದ.

ಓದಿ ಮುಗಿಸಿದ ಮೇಲೆ ಹುಡುಗರ ಬಾಯಿಂದ ಬರುವ ಮೊದಲ ಮಾತು ಮೋಸದ ಬಗ್ಗೆ ಇರುವುದಿಲ್ಲ. ಒಂದು ಬ್ಯಾಚಿನಲ್ಲಿ ಹಿಂದಿನ ಬೆಂಚಿನವನೊಬ್ಬ ಕೇಳಿದ: “ಸರ್, 22 ತಿಂಗಳು ಜೈಲು ಅಂದ್ರೆ ನಮ್ಮ ಡಿಗ್ರಿಗಿಂತ ಕಮ್ಮಿ ಅಲ್ವಾ?” ಕ್ಲಾಸೆಲ್ಲ ನಕ್ಕಿತು. ಅವನು ನಗಲಿಲ್ಲ. ನಿಜಕ್ಕೂ ಲೆಕ್ಕ ಹಾಕುತ್ತಿದ್ದ. ಇಷ್ಟು ಕೊಟ್ಟರೆ ಅಷ್ಟು ಸಿಗುತ್ತದೆ ಅನ್ನುವ ಲೆಕ್ಕ.

ಆ ಲೆಕ್ಕಕ್ಕೆ ಬೈದು ಬಾಯಿ ಮುಚ್ಚಿಸುವುದು ಸುಲಭ. ನನಗೆ ಅದು ಸರಿ ಕಾಣಲಿಲ್ಲ. ಪ್ರಕರಣವನ್ನು ಪೂರ್ತಿ ಬಿಡಿಸಿ ನೋಡಿದರೆ ಅವನ ಲೆಕ್ಕದಲ್ಲಿ ಬಿಟ್ಟುಹೋದದ್ದು ಏನು ಅಂತ ತಾನಾಗಿ ಕಾಣುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಟು ಮತ್ತು ಸರ್ಕಾರ ಸೇರಿ ಬೆಲ್‌ಫೋರ್ಟ್‌ನ ಲೈಸೆನ್ಸ್ ಕಿತ್ತುಕೊಂಡರು, ಆಸ್ತಿ ಮಾರಿಸಿದರು, ಜೈಲಿಗೂ ಹಾಕಿದರು. ಅವನ ಕಸುಬನ್ನು ಮಾತ್ರ ಯಾರಿಗೂ ಮುಟ್ಟಲು ಆಗಲಿಲ್ಲ. ಯಾಕೆಂದರೆ ಷೇರು ಅವನ ಕಸುಬಾಗಿರಲೇ ಇಲ್ಲ. ಮಾತಾಡಿ ಒಪ್ಪಿಸುವುದು ಅವನ ಕಸುಬು.

ಐಸು, ಹಲ್ಲು, ಮಾಂಸ

ಹುಟ್ಟಿದ್ದು 1962ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಬೆಳೆದದ್ದು ಕ್ವೀನ್ಸ್‌ನಲ್ಲಿ, ಸಾಧಾರಣ ಮಧ್ಯಮ ವರ್ಗದ ಮನೆ. ಕಾಲೇಜಿಗೆ ಹೋಗುವ ಮುಂಚೆ ಗೆಳೆಯನೊಬ್ಬನ ಜೊತೆ ಸೇರಿ ಸಮುದ್ರ ದಂಡೆಯಲ್ಲಿ ಐಸು ಮಾರಿ ಸುಮಾರು 20,000 ಡಾಲರ್ ಮಾಡಿಕೊಂಡ. ಆ ದುಡ್ಡಿನಲ್ಲಿ ಹಲ್ಲಿನ ಡಾಕ್ಟರ್ ಆಗಲು ಹೊರಟ. ಮೊದಲ ದಿನವೇ ಡೀನ್ ಹೇಳಿದರಂತೆ, ದುಡ್ಡು ಮಾಡಬೇಕು ಅಂತ ಬಂದಿದ್ದರೆ ಜಾಗ ತಪ್ಪಿ ಬಂದಿದ್ದೀರಿ, ದಂತವೈದ್ಯರ ಸುವರ್ಣ ಕಾಲ ಮುಗಿಯಿತು ಅಂತ. ಅವತ್ತೇ ಕಾಲೇಜು ಬಿಟ್ಟ. ನಮ್ಮೂರಲ್ಲಿ ಡೆಂಟಲ್ ಕಾಲೇಜುಗಳು ಇರುವುದರಿಂದ ಈ ಭಾಗ ಬಂದಾಗ ಕ್ಲಾಸು ಸ್ವಲ್ಪ ಚುರುಕಾಗುತ್ತದೆ.

ಆಮೇಲೆ ಲಾಂಗ್ ಐಲ್ಯಾಂಡ್‌ನಲ್ಲಿ ಮನೆಮನೆಗೆ ಮಾಂಸ, ಮೀನು ಮಾರುವ ವ್ಯಾಪಾರ. ಲಾರಿಗಳನ್ನಿಟ್ಟ, ಆಳುಗಳನ್ನಿಟ್ಟ, ಕೈಮೀರಿ ಬೆಳೆಸಿದ, 25ನೇ ವಯಸ್ಸಿಗೆ ದಿವಾಳಿ ಆದ. ಇಲ್ಲಿ ಒಂದು ವಿಷಯ ಗಮನಿಸಿ. ಐಸು, ಮಾಂಸ, ಮುಂದೆ ಷೇರು. ಸರಕು ಬದಲಾಗುತ್ತಾ ಹೋಯಿತು. ಗುರುತಿಲ್ಲದ ಮನುಷ್ಯನ ಎದುರು ನಿಂತು ಅವನ ಜೇಬಿಗೆ ಕೈ ಹಾಕಿಸುವ ಕೆಲಸ ಮಾತ್ರ ಒಂದೇ.

ನ್ಯೂಯಾರ್ಕಿನ ಷೇರುಪೇಟೆಯ ಬೀದಿ ವಾಲ್‌ಸ್ಟ್ರೀಟಿನ ಹಳೆಯ ಸಂಸ್ಥೆ ಎಲ್.ಎಫ್. ರಾಥ್‌ಸ್ಚೈಲ್ಡ್‌ನಲ್ಲಿ ತರಬೇತಿಗೆ ಸೇರಿದ. ಅಷ್ಟರಲ್ಲಿ 1987ರ ಅಕ್ಟೋಬರ್ 19 ಬಂತು. ಅವತ್ತು ಒಂದೇ ದಿನ ಅಲ್ಲಿನ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 508 ಅಂಶ, ಅಂದರೆ ಶೇ 22.6ರಷ್ಟು ಕುಸಿಯಿತು. ಕೆಲಸ ಹೋಯಿತು. ಅಲ್ಲಿಂದ ಲಾಂಗ್ ಐಲ್ಯಾಂಡಿನ ಒಂದು ಸಣ್ಣ ಬ್ರೋಕರ್ ಅಂಗಡಿ ಸೇರಿದ. ಅಲ್ಲಿ ಮಾರುತ್ತಿದ್ದದ್ದು ಪೆನ್ನಿ ಸ್ಟಾಕ್. ನಾಲ್ಕಾಣೆ ಎಂಟಾಣೆ ಬೆಲೆಯ, ಹೆಸರೇ ಕೇಳಿರದ ಕಂಪನಿಗಳ ಷೇರು. ಅವನೇ ಹೇಳಿಕೊಂಡಿರುವ ಹಾಗೆ, ದೊಡ್ಡ ಕಂಪನಿಯ ಷೇರು ಮಾರಿದರೆ ಬ್ರೋಕರ್‌ಗೆ ಶೇ 1ರಷ್ಟು ಸಿಗುತ್ತಿತ್ತು. ಈ ಪುಡಿ ಷೇರಿನಲ್ಲಿ ಶೇ 50. ದೊಡ್ಡ ಕಂಪನಿಯ ಷೇರಿಗೆ ಬೆಲೆ ಏನು ಅಂತ ಎಲ್ಲರಿಗೂ ಗೊತ್ತು. ಪುಡಿ ಷೇರಿನ ಬೆಲೆ ಮಾರುವವನು ಹೇಳಿದ್ದೇ. ಶೇ 50 ಹುಟ್ಟುವುದು ಆ ಕತ್ತಲಲ್ಲಿ.

ಸ್ಟ್ರಾಟನ್ ಓಕ್‌ಮಾಂಟ್‌ನ ಒಳಗೆ

ಈ ಭಾಗವನ್ನು ನಿಧಾನಕ್ಕೆ ನೋಡಬೇಕು. ಅವನ ಕಥೆಯ ಸಿನಿಮಾ ‘ದಿ ವುಲ್ಫ್ ಆಫ್ ವಾಲ್‌ಸ್ಟ್ರೀಟ್’ (ವಾಲ್‌ಸ್ಟ್ರೀಟಿನ ತೋಳ) ನೋಡಿದವರಿಗೂ ಗೊತ್ತಿರದ ಭಾಗ ಇದೇ. 2013ರಲ್ಲಿ ಬಂದ ಆ ಸಿನಿಮಾ ಮೂರು ಗಂಟೆ ಹಡಗು, ಹೆಲಿಕಾಪ್ಟರ್, ಮಾತ್ರೆ, ಪಾರ್ಟಿ ತೋರಿಸಿತು. ಅದನ್ನೆಲ್ಲ ಇಲ್ಲಿ ಬಿಡುತ್ತೇನೆ. ದುಡ್ಡು ಹೇಗೆ ಬಂತು ಅನ್ನುವುದು ಮುಖ್ಯ.

ಸ್ಟ್ರಾಟನ್ ಓಕ್‌ಮಾಂಟ್ ಇದ್ದದ್ದು ವಾಲ್‌ಸ್ಟ್ರೀಟಿನಲ್ಲಿ ಅಲ್ಲ. ಲಾಂಗ್ ಐಲ್ಯಾಂಡಿನ ಲೇಕ್ ಸಕ್ಸೆಸ್ ಎಂಬ ಊರಿನಲ್ಲಿ. ಹೆಸರು ಮಾತ್ರ ನೂರು ವರ್ಷದ ಮನೆತನದ್ದು ಅನ್ನುವ ಹಾಗಿತ್ತು. ಡ್ಯಾನಿ ಪೋರುಷ್ ಎಂಬಾತ ಪಾಲುದಾರ. ಒಳ್ಳೆಯ ದಿನಗಳಲ್ಲಿ ಅಲ್ಲಿ 1,000ಕ್ಕೂ ಹೆಚ್ಚು ಬ್ರೋಕರ್‌ಗಳಿದ್ದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಷೇರಿನ ವಿದ್ಯೆ ಬೇಕಾಗಿರಲಿಲ್ಲ. ಬರೆದುಕೊಟ್ಟಿದ್ದನ್ನು ಹೇಳಿದ ರಾಗದಲ್ಲಿ ಓದಲು ಬಂದರೆ ಸಾಕಿತ್ತು.

ಆ ಬರವಣಿಗೆಯೇ ಕಂಪನಿಯ ನಿಜವಾದ ಆಸ್ತಿ. ಮೊದಲ ಫೋನಿನಲ್ಲಿ ಪುಡಿ ಷೇರಿನ ಸುದ್ದಿಯೇ ಎತ್ತುವುದಿಲ್ಲ. ಎಲ್ಲರಿಗೂ ಗೊತ್ತಿರುವ ದೊಡ್ಡ ಕಂಪನಿಯ ಷೇರು ಮಾರುತ್ತಾರೆ. ಗಿರಾಕಿಗೆ ಧೈರ್ಯ ಬರುತ್ತದೆ. ಎರಡನೇ ಸಲ ಫೋನ್ ಬಂದಾಗ ಇವರು ಗುರುತಿನವರು. ಆಗ ಮನೆಯ ಸರಕು ಹೊರಗೆ ಬರುತ್ತದೆ. ಗಿರಾಕಿ ಹಿಂಜರಿದರೆ ಪ್ರತಿಯೊಂದಕ್ಕೂ ಉತ್ತರ ತಯಾರು. ಹೆಂಡತಿ ಹತ್ತಿರ ಕೇಳಬೇಕು ಅಂದರೆ ಒಂದು, ಈಗ ಕೈಯಲ್ಲಿ ದುಡ್ಡಿಲ್ಲ ಅಂದರೆ ಇನ್ನೊಂದು, ಯೋಚನೆ ಮಾಡಿ ಹೇಳ್ತೀನಿ ಅಂದರೆ ಮತ್ತೊಂದು. ಇದನ್ನೇ ಅವನು ಆಮೇಲೆ ‘ಸ್ಟ್ರೇಟ್ ಲೈನ್’ ಎಂಬ ಹೆಸರಲ್ಲಿ ಮಾರಿದ. ಮಾತು ಶುರುವಾದಲ್ಲಿಂದ ದುಡ್ಡು ಕೈಗೆ ಬರುವವರೆಗೆ ಒಂದು ನೇರ ಗೆರೆ, ಗಿರಾಕಿ ಗೆರೆ ಬಿಟ್ಟು ಪಕ್ಕಕ್ಕೆ ಹೋದಾಗಲೆಲ್ಲ ಎಳೆದು ತರುವುದು. ಅಷ್ಟೇ.

ಇನ್ನು ಸರಕಿನ ಕಡೆ ಬರೋಣ. ಯಾವುದೋ ಸಣ್ಣ ಕಂಪನಿಯನ್ನು ಸ್ಟ್ರಾಟನ್ ಮಾರುಕಟ್ಟೆಗೆ ತರುತ್ತದೆ. ಷೇರಿನಲ್ಲಿ ದೊಡ್ಡ ಪಾಲನ್ನು ಬೆಲ್‌ಫೋರ್ಟ್ ಮತ್ತು ಅವನ ಕಡೆಯವರೇ ಅಗ್ಗದ ಬೆಲೆಗೆ ಇಟ್ಟುಕೊಳ್ಳುತ್ತಾರೆ. ಸ್ವಂತ ಹೆಸರಲ್ಲಿ ಇಟ್ಟುಕೊಂಡರೆ ಕಾನೂನಿಗೆ ಕಾಣುತ್ತದೆ. ಆದ್ದರಿಂದ ಗೆಳೆಯರ, ನೆಂಟರ ಹೆಸರಲ್ಲಿ. ಈ ಬೇನಾಮಿ ಖಾತೆಗಳಿಗೆ ಅವರು ಇಟ್ಟ ಹೆಸರು ಇಲಿಬಿಲ. ಹೀಗೆ ಸರಕು ಬಿಲ ಸೇರಿದ ಮೇಲೆ ಸಾವಿರ ಫೋನುಗಳು ಒಟ್ಟಿಗೆ ಶುರು. ಕೊಳ್ಳುವವರು ಮುಗಿಬಿದ್ದಾಗ ಬೆಲೆ ಏರುತ್ತದೆ. ಏರಿದ ಬೆಲೆಗೆ ಬಿಲದಿಂದ ಸರಕು ಹೊರಗೆ ಬರುತ್ತದೆ. ಮಾರಿ ಮುಗಿದ ಮೇಲೆ ಫೋನು ನಿಲ್ಲುತ್ತದೆ, ಬೆಲೆ ಬೀಳುತ್ತದೆ.

ಕ್ಲಾಸಿನಲ್ಲಿ ಇದನ್ನು ನಮ್ಮ ಮೆಕ್ಕೆಜೋಳದ ಮಂಡಿಗೆ ತಂದು ಹೇಳುತ್ತೇನೆ. ಒಬ್ಬ ದಲಾಲಿ ತನ್ನದೇ ಮಾಲನ್ನು ಬೇರೆ ರೈತರ ಹೆಸರಲ್ಲಿ ಮಂಡಿಗೆ ಹಾಕಿಸಿದ ಅಂತಿಟ್ಟುಕೊಳ್ಳಿ. ತನ್ನ ಮಾತು ನಂಬುವ ಹತ್ತು ಜನ ಹೊರಗಿನ ಖರೀದಿದಾರರಿಗೆ, ನಾಳೆ ರೇಟ್ ಇನ್ನೂ ಮೇಲೆ ಹೋಗುತ್ತೆ, ಇವತ್ತೇ ಬರೆಯಿರಿ ಅಂತ ಹೇಳಿದ. ಅವರು ಪೈಪೋಟಿಯಲ್ಲಿ ಬರೆದರು. ಮಾಲು ಯಾರದ್ದು ಅಂತ ಅವರಿಗೆ ಗೊತ್ತಿಲ್ಲ. ಸಲಹೆ ಕೊಟ್ಟವನೂ ಮಾರಿದವನೂ ಒಬ್ಬನೇ. ರೈತರ ಮನೆಯ ಹುಡುಗಿಯರು ಇಷ್ಟು ಹೇಳುವಷ್ಟರಲ್ಲಿ ಹಿಡಿದುಬಿಡುತ್ತಾರೆ. ಹುಡುಗರಿಗೆ ಇನ್ನೊಂದು ಸಲ ಹೇಳಬೇಕಾಗುತ್ತದೆ.

ಇದರಲ್ಲಿ ಎಲ್ಲರೂ ಮರೆಯುವ ಒಂದು ಕೀಲು ಇದೆ. ಸ್ಟ್ರಾಟನ್‌ನಲ್ಲಿ ಕೊಳ್ಳುವುದು ಸುಲಭ, ಮಾರುವುದು ಕಷ್ಟ. ಗಿರಾಕಿ ಮಾರಿಕೊಡಿ ಅಂದರೆ ಬ್ರೋಕರ್ ತಪ್ಪಿಸಿಕೊಳ್ಳುತ್ತಿದ್ದ. ಬೇರೆ ಗಿರಾಕಿಯನ್ನು ಹಿಡಿದು ಆ ಷೇರನ್ನು ಅವನಿಗೆ ಕಟ್ಟುವವರೆಗೂ ಆರ್ಡರ್ ಹಾಕುತ್ತಿರಲಿಲ್ಲ. ಮಾರುವವರು ಜಾಸ್ತಿ ಆದರೆ ಬೆಲೆ ಬೀಳುತ್ತದಲ್ಲ, ಅದಕ್ಕೆ. ಹಾಗಾಗಿ ಗಿರಾಕಿಯ ಸ್ಟೇಟ್‌ಮೆಂಟಿನಲ್ಲಿ ಲಾಭ ಕಾಣುತ್ತಿತ್ತು. ಕೈಗೆ ಬರುತ್ತಿರಲಿಲ್ಲ. ಮೋಸ ಗುರುತಿಸಲು ನನಗೆ ಒಂದೇ ಪರೀಕ್ಷೆ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಲಾಭ ಎಷ್ಟು ಅಂತ ಕೇಳಬೇಡಿ, ಇವತ್ತು ಮಾರಿದರೆ ದುಡ್ಡು ಯಾವಾಗ ಬ್ಯಾಂಕಿಗೆ ಬರುತ್ತೆ ಅಂತ ಕೇಳಿ.

1993ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀವ್ ಮ್ಯಾಡನ್ ಎಂಬ ಚಪ್ಪಲಿ, ಶೂ ಕಂಪನಿ ಸ್ಟ್ರಾಟನ್ ತಂದವುಗಳಲ್ಲಿ ಹೆಸರುವಾಸಿಯಾದದ್ದು. ಕಂಪನಿ ನಿಜವಾದದ್ದು, ಸರಕೂ ಚೆನ್ನಾಗಿತ್ತು. ಷೇರು ಮಾರಿದ ರೀತಿ ಮಾತ್ರ ಇಲಿಬಿಲದ್ದೇ. ಮಾಲೀಕ ಮ್ಯಾಡನ್‌ಗೂ 2002ರಲ್ಲಿ 41 ತಿಂಗಳ ಶಿಕ್ಷೆ ಆಯಿತು. ಮೋಸದ ಷೇರು ಅಂದರೆ ಕಂಪನಿಯೇ ಸುಳ್ಳಾಗಿರಬೇಕು ಅಂತ ನಮ್ಮ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಬಿದ್ದದ್ದು ಒಂದೇ ದಿನದಲ್ಲಿ ಅಲ್ಲ

1991ರಲ್ಲೇ ಫೋರ್ಬ್ಸ್ ಪತ್ರಿಕೆ ಅವನ ಬಣ್ಣ ಬಯಲು ಮಾಡುವ ಲೇಖನ ಹಾಕಿತು. ಶ್ರೀಮಂತರಿಂದ ಕಿತ್ತು ತನಗೂ ತನ್ನ ಪಟಾಲಮ್ಮಿಗೂ ಹಂಚಿಕೊಳ್ಳುವ ವಕ್ರ ರಾಬಿನ್‌ಹುಡ್ ಅಂತ ಕರೆಯಿತು. ಆಮೇಲೆ ಏನಾಯಿತು ಅಂತೀರಿ? ಬೆಲ್‌ಫೋರ್ಟ್ ಹೇಳುವ ಪ್ರಕಾರ, ಅದನ್ನು ಓದಿ ಕೆಲಸ ಕೇಳಿಕೊಂಡು ಹುಡುಗರ ಸಾಲೇ ಬಂತು. ಬೈಗುಳವೇ ಜಾಹೀರಾತು ಆಯಿತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಸಿವಿಸಿ ಮಾಡುವ ಸಂಗತಿ ಇದು. ಯಾಕೆಂದರೆ 2013ರಲ್ಲಿ ಸಿನಿಮಾ ಬಂದಾಗಲೂ ಇದೇ ಆಯಿತು, ಇನ್ನೂ ದೊಡ್ಡದಾಗಿ.

ಷೇರುಪೇಟೆಯ ಮೇಲೆ ಕಣ್ಣಿಡುವ ನಮ್ಮ ಸೆಬಿಯಂಥದ್ದೇ ಅಮೆರಿಕದಲ್ಲಿ ಎಸ್‌ಇಸಿ. ಅದರ ಜೊತೆ 1994ರಲ್ಲಿ ರಾಜಿ ಆಯಿತು. ಸ್ಟ್ರಾಟನ್ 25 ಲಕ್ಷ ಡಾಲರ್ ಕಟ್ಟಿತು. ಬೆಲ್‌ಫೋರ್ಟ್ ಜೀವನಪೂರ್ತಿ ಷೇರು ವ್ಯವಹಾರಕ್ಕೆ ಕೈ ಹಾಕುವಂತಿಲ್ಲ ಅಂತಾಯಿತು. ಆದರೆ ಅಂಗಡಿ ಮುಚ್ಚಲಿಲ್ಲ. ಪೋರುಷ್ ಕೈಯಲ್ಲಿ ನಡೆಯುತ್ತಲೇ ಇತ್ತು. 1996ರ ಡಿಸೆಂಬರಿನಲ್ಲಿ ಬ್ರೋಕರ್‌ಗಳ ಸಂಘವೇ ಅದನ್ನು ಹೊರಹಾಕಿತು. ಆ ಎರಡು ಮುಕ್ಕಾಲು ವರ್ಷದಲ್ಲಿ ಹೊಸದಾಗಿ ಬಲೆಗೆ ಬಿದ್ದವರನ್ನು ನೆನೆಸಿಕೊಂಡರೆ, ಇದು ನಿಧಾನದ ಕೆಲಸ ಅಂತಲೇ ಹೇಳಬೇಕು.

1998ರಲ್ಲಿ ಬಂಧನ. 1999ರಲ್ಲಿ ಷೇರು ವಂಚನೆ ಮತ್ತು ಕಪ್ಪುಹಣ ಬಿಳಿ ಮಾಡಿದ ತಪ್ಪನ್ನು ಒಪ್ಪಿಕೊಂಡ. ದುಡ್ಡು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಗಿತ್ತು. ತಪ್ಪೊಪ್ಪಿಗೆಯ ಜೊತೆ ಇನ್ನೊಂದು ಕೆಲಸಕ್ಕೂ ಒಪ್ಪಿದ. ಮೈಮೇಲೆ ಧ್ವನಿಮುದ್ರಣ ಯಂತ್ರ ಕಟ್ಟಿಕೊಂಡು ಹೋಗಿ ತನ್ನ ಗೆಳೆಯರ, ಪಾಲುದಾರರ ಮಾತನ್ನು ಎಫ್‌ಬಿಐಗೆ ಹಿಡಿದುಕೊಟ್ಟ. ಶಿಕ್ಷೆ ಪ್ರಕಟವಾದದ್ದು 2003ರಲ್ಲಿ, ನಾಲ್ಕು ವರ್ಷ. ಒಳಗಿದ್ದದ್ದು 22 ತಿಂಗಳು. 2006ರಲ್ಲಿ ಹೊರಗೆ ಬಂದ. ಅದೇ ಕೇಸಿನಲ್ಲಿ ಪೋರುಷ್ 39 ತಿಂಗಳು ಇದ್ದ. ಅಂದರೆ ಇಲ್ಲೂ ಮಾತು ಕೆಲಸ ಮಾಡಿತು ಅಂತ ಹುಡುಗರು ಹೇಳಿದಾಗ ನಾನು ತಲೆಯಾಡಿಸಬೇಕಾಗುತ್ತದೆ.

ಕೋರ್ಟು ಇನ್ನೊಂದು ಆದೇಶ ಮಾಡಿತ್ತು. 1,513 ಗಿರಾಕಿಗಳಿಗೆ 11.04 ಕೋಟಿ ಡಾಲರ್ ವಾಪಸ್ ಕೊಡಬೇಕು. ಇವತ್ತಿನ ಲೆಕ್ಕದಲ್ಲಿ 900 ಕೋಟಿ ರೂಪಾಯಿಗೂ ಮೇಲೆ. ಅದಕ್ಕಾಗಿ ಅವನ ಆದಾಯದ ಅರ್ಧ ಹೋಗಬೇಕು. ಈ ಸಾಲನ್ನು ಗುರುತು ಹಾಕಿಟ್ಟುಕೊಳ್ಳಿ. ಒಟ್ಟು ನಷ್ಟ ಇದಕ್ಕಿಂತ ಹೆಚ್ಚು. 20 ಕೋಟಿ ಡಾಲರ್ ಆಸುಪಾಸು ಅಂತ ಸರ್ಕಾರದ ಕಡೆಯ ಅಂದಾಜು.

ಮತ್ತೆ ಎದ್ದದ್ದು

ಜೈಲಿನಲ್ಲಿ ಜೊತೆಗಿದ್ದವನು ಟಾಮಿ ಚಾಂಗ್ ಎಂಬ ಹಾಸ್ಯನಟ. ಬೆಲ್‌ಫೋರ್ಟ್ ಹೇಳುವ ಕಥೆಗಳನ್ನು ಕೇಳಿ, ಇದನ್ನು ಬರಿ ಮಾರಾಯಾ ಅಂದ. 2007ರಲ್ಲಿ ಅದೇ ‘ವುಲ್ಫ್’ ಹೆಸರಿನ ಪುಸ್ತಕ ಬಂತು. ಆರು ವರ್ಷಕ್ಕೆ ಅದು ಹಾಲಿವುಡ್ ಸಿನಿಮಾ ಆಯಿತು. ಸಿನಿಮಾದ ಕೊನೆಯ ದೃಶ್ಯದಲ್ಲಿ ನಿಜವಾದ ಬೆಲ್‌ಫೋರ್ಟ್ ಒಂದು ಗಳಿಗೆ ಬಂದುಹೋಗುತ್ತಾನೆ. ವೇದಿಕೆ ಮೇಲೆ ನಿಂತು, ತನ್ನ ಪಾತ್ರ ಮಾಡಿದ ನಟನನ್ನು ಸಭೆಗೆ ಪರಿಚಯ ಮಾಡಿಕೊಡುತ್ತಾನೆ. ಮೋಸ ಹೋದವರಲ್ಲಿ ಒಬ್ಬರ ಮುಖವೂ ಇಡೀ ಸಿನಿಮಾದಲ್ಲಿ ಇಲ್ಲ. ಫೋನಿನ ಆಚೆ ಕಡೆಯ ದನಿ ಅಷ್ಟೇ. ಆ ಸಿನಿಮಾಕ್ಕೆ ದುಡ್ಡು ಹಾಕಿದ ಕಂಪನಿಯ ಮೇಲೇ ಆಮೇಲೆ ಮಲೇಷ್ಯಾದ ಸರ್ಕಾರಿ ನಿಧಿ 1ಎಂಡಿಬಿಯ ಕದ್ದ ಹಣದ ಕೇಸು ಬಿತ್ತು. 2018ರಲ್ಲಿ ಅದು ಅಮೆರಿಕ ಸರ್ಕಾರಕ್ಕೆ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಥೆಯಾಗಿ ಬರೆದಿದ್ದರೆ ಇದು ಸ್ವಲ್ಪ ಜಾಸ್ತಿ ಆಯ್ತು ಅಂತ ಯಾರಾದರೂ ಹೇಳುತ್ತಿದ್ದರು.

ಈಗ ಅವನ ಕೆಲಸ ಭಾಷಣ, ಆನ್‌ಲೈನ್ ಕೋರ್ಸು, ಕಂಪನಿಗಳಿಗೆ ಮಾರಾಟದ ತರಬೇತಿ. ಗಿರಾಕಿ ಮೂರನ್ನು ನಂಬಬೇಕು ಅಂತ ಕಲಿಸುತ್ತಾನೆ: ಸರಕು, ಮಾರುವವನು, ಅವನ ಹಿಂದಿನ ಕಂಪನಿ. ಮೂರರಲ್ಲೂ ಹತ್ತಕ್ಕೆ ಹತ್ತು ಬರಬೇಕು. ಪಾಠ ತಪ್ಪೇನಿಲ್ಲ. ಒಳ್ಳೆ ಸರಕು ಇಟ್ಟುಕೊಂಡವನೂ ಇದನ್ನು ಕಲಿತು ನಾಲ್ಕು ಕಾಸು ಮಾಡಿಕೊಳ್ಳಬಹುದು. ಕಾನೂನಿನ ಪ್ರಕಾರ ಇದರಲ್ಲಿ ದೋಷವಿಲ್ಲ. ಶಿಕ್ಷೆ ಮುಗಿಸಿದವನು ಮತ್ತೆ ದುಡಿಯಲೇಬಾರದು ಅಂತ ನಾನೂ ಹೇಳುವುದಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಪಾಪ ತೊಳೆದುಕೊಂಡು ಬಂದವರು ಆ ಪಾಪವನ್ನು ಮರೆಸಲು ನೋಡುತ್ತಾರೆ. ಇವನಿಗೆ ಆ ಪಾಪವೇ ಬಂಡವಾಳ. ಟಿಕೆಟ್ ಕೊಂಡು ಬರುವವರು ಬರುವುದು ಸ್ಟ್ರಾಟನ್ ಕಥೆ ಕೇಳಲು. ಸ್ಟ್ರಾಟನ್ ಇಲ್ಲದಿದ್ದರೆ ಅವನು ಇನ್ನೊಬ್ಬ ಮಾರಾಟದ ಮೇಷ್ಟ್ರು, ಅಷ್ಟೇ. ಅಂದಮೇಲೆ ಆ ಕಥೆಯಲ್ಲಿ ದುಡ್ಡು ಕಳೆದುಕೊಂಡ 1,513 ಜನರ ಪಾಲು ಎಷ್ಟು?

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಕೇಳಲಿಲ್ಲ. ಕೇಳಿದವರು ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು, ವಿದ್ಯಾರ್ಥಿನಿಯೊಬ್ಬಳ ತಂದೆ. ಮಗಳು ಮನೆಯಲ್ಲಿ ಈ ಕಥೆ ಹೇಳಿದ್ದಳು. ಫೀಸ್ ಕಟ್ಟಲು ಬಂದವರು ಸ್ಟಾಫ್ ರೂಮಿಗೆ ಬಂದು, “ಮೇಷ್ಟ್ರೇ, ಆ ಜನಕ್ಕೆ ಎಷ್ಟು ವಾಪಸ್ ಬಂತು ಹಂಗಾರೆ?” ಅಂದರು.

ಅವರಿಗೆ ಹೇಳಿದ ಲೆಕ್ಕ ಇದು. 2013ರ ಹೊತ್ತಿಗೆ ವಸೂಲಾಗಿದ್ದು 1.16 ಕೋಟಿ ಡಾಲರ್. ಕೊಡಬೇಕಾದ್ದರಲ್ಲಿ ಶೇ 10ರ ಮೇಲೆ ಚೂರು. ತಲೆಗೆ ಹಂಚಿದರೆ, ಸರಾಸರಿ 73,000 ಡಾಲರ್ ಬರಬೇಕಾದವನಿಗೆ 7,700ರ ಹತ್ತಿರ. ಆ 1.16 ಕೋಟಿಯಲ್ಲೂ 1.04 ಕೋಟಿ ಬಂದದ್ದು ಜಪ್ತಿ ಆದ ಆಸ್ತಿ ಮಾರಿ. ಅದನ್ನು ಕಳೆದರೆ ಉಳಿಯುವುದು 12 ಲಕ್ಷ ಡಾಲರ್. ಹೊರಗೆ ಬಂದು ಏಳು ವರ್ಷ ಆಗಿತ್ತು. ಪುಸ್ತಕ ಮಾರಾಟ ಆಗಿತ್ತು, ಸಿನಿಮಾದ ಹಕ್ಕು ಮಾರಿಯಾಗಿತ್ತು, ಭಾಷಣ ನಡೆಯುತ್ತಿತ್ತು. ಆದಾಯದ ಅರ್ಧ ಕೊಡಬೇಕು ಅನ್ನುವ ಷರತ್ತು ಬಿಡುಗಡೆಯ ನಂತರದ ನಿಗಾ ಅವಧಿ ಮುಗಿದ ಮೇಲೂ ನಡೆಯುತ್ತದೆಯೇ ಇಲ್ಲವೇ ಅನ್ನುವುದೇ ವಕೀಲರ ಜಗಳವಾಯಿತು. 2018ರಲ್ಲೂ ಸುಮಾರು 9.7 ಕೋಟಿ ಡಾಲರ್ ಬಾಕಿ ಇದೆ ಅಂತ ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು.

ಆ ಬೆಳೆಗಾರರು ಕೇಳಿ ಸ್ವಲ್ಪ ಹೊತ್ತು ಬಿಟ್ಟು, “ಸೊಸೈಟಿ ಸಾಲ ಹಿಂಗೆ ಬಾಕಿ ಇಟ್ಕಂಡಿದ್ರೆ ನಮ್ಮನ್ನ ಬಿಡ್ತಿದ್ರೇನ್ರೀ?” ಅಂದರು. 22 ತಿಂಗಳ ಲೆಕ್ಕ ಹಾಕಿದ ಹುಡುಗನಿಗೆ ನಾನು ಕೊಡಬೇಕಾದ ಉತ್ತರ ಇದರಲ್ಲೇ ಇತ್ತು. ಅವನ ಲೆಕ್ಕದಲ್ಲಿ ಬೆಲ್‌ಫೋರ್ಟ್ ಕೊಟ್ಟದ್ದು ಜೈಲಿನ ತಿಂಗಳುಗಳು ಮಾತ್ರ. ಉಳಿದ ಖರ್ಚು ಬೇರೆಯವರ ಖಾತೆಯಲ್ಲಿತ್ತು.

ನಮ್ಮ ಕಡೆಗೆ ತಂದು ನೋಡಿದರೆ

ಮಾತಿನ ಕಸುಬಿನವನು ಬಿದ್ದ ಮೇಲೆ ಸಲಹೆಗಾರನಾಗಿ ಏಳುವುದು ಅಮೆರಿಕದ ವಿಶೇಷ ಏನಲ್ಲ. 1992ರ ಷೇರು ಹಗರಣದ ಬ್ರೋಕರ್ ಹರ್ಷದ್ ಮೆಹ್ತಾ, ಕೇಸುಗಳು ನಡೆಯುತ್ತಿರುವಾಗಲೇ 1990ರ ದಶಕದ ಕೊನೆಗೆ ಪತ್ರಿಕೆಯ ಅಂಕಣದಲ್ಲಿ, ತನ್ನ ವೆಬ್‌ಸೈಟಿನಲ್ಲಿ ಷೇರು ಟಿಪ್ಸ್ ಕೊಡುವವನಾಗಿ ಮತ್ತೆ ಬಂದ. ಜನ ಓದಿದರು. ಓದಿ ಕೊಂಡರು ಕೂಡ. 1998ರಲ್ಲಿ ಬಿಪಿಎಲ್, ವಿಡಿಯೋಕಾನ್, ಸ್ಟರ್ಲೈಟ್ ಷೇರುಗಳ ಬೆಲೆ ಏರಿಸಿದ ಇನ್ನೊಂದು ಕೇಸು ಅವನ ಮೇಲೆ ಬಿತ್ತು. 2001ರ ಡಿಸೆಂಬರ್ 31ರಂದು ಜೈಲುವಾಸದಲ್ಲೇ ತೀರಿಕೊಂಡ. ಒಮ್ಮೆ ಮುಳುಗಿಸಿದವನ ಟಿಪ್ಸನ್ನು ಜನ ಯಾಕೆ ನಂಬಿದರು ಅಂತ ಹುಡುಗರನ್ನು ಕೇಳಿದರೆ ಒಂದೇ ಉತ್ತರ: “ಅವನಿಗೆ ಒಳಗಿನ ಆಟ ಗೊತ್ತಲ್ವಾ ಸರ್.” ಬೆಲ್‌ಫೋರ್ಟ್‌ನ ಟಿಕೆಟ್ ಮಾರಾಟ ಆಗುವುದೂ ಇದೇ ಕಾರಣಕ್ಕೆ.

ಸಾವಿರ ಫೋನಿನ ಹಾಲ್ ಈಗ ಬೇಕಿಲ್ಲ. 2023ರ ಮಾರ್ಚಿನಲ್ಲಿ ಸೆಬಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯ ಷೇರಿನ ಬಗ್ಗೆ ಆದೇಶ ಹೊರಡಿಸಿತು. ಯೂಟ್ಯೂಬ್ ವಿಡಿಯೋಗಳಲ್ಲಿ, ಅದಾನಿ ಗುಂಪು ಈ ಕಂಪನಿಯನ್ನು ಕೊಳ್ಳುತ್ತಿದೆ ಅಂತ ಸುಳ್ಳು ಹಬ್ಬಿಸಿದ್ದರು. ಬೆಲೆ ಏರಿತು, ಒಳಗಿನವರು ಮಾರಿದರು, ಸಣ್ಣಪುಟ್ಟ ಜನ ಸಿಕ್ಕಿಕೊಂಡರು. ಇಲಿಬಿಲ ಅದೇ, ಫೋನಿನ ಬದಲು ವಿಡಿಯೋ. ದಾವಣಗೆರೆಯವನಿಗೂ ಮುಂಬೈಯವನಿಗೂ ಒಂದೇ ಗಳಿಗೆಯಲ್ಲಿ ತಲುಪುತ್ತದೆ.

ಬೆಲ್‌ಫೋರ್ಟ್‌ನ ಎರಡನೇ ಅವತಾರಕ್ಕೆ ಇನ್ನೂ ಹತ್ತಿರದ್ದು ಟ್ರೇಡಿಂಗ್ ಕ್ಲಾಸುಗಳ ವ್ಯಾಪಾರ. 2025ರ ಫೆಬ್ರುವರಿಯಲ್ಲಿ ಒಂದು ಟ್ರೇಡಿಂಗ್ ಶಾಲೆಯ ಮೇಲೆ ಸೆಬಿ ಮಧ್ಯಂತರ ಆದೇಶ ಹೊರಡಿಸಿ, 53 ಕೋಟಿ ರೂಪಾಯಿಗೂ ಹೆಚ್ಚು ಫೀಸ್ ಹಣವನ್ನು ಹಿಡಿದಿಡಲು ಹೇಳಿತು. ಪಾಠದ ಹೆಸರಲ್ಲಿ ನೋಂದಣಿ ಇಲ್ಲದೆ ಷೇರು ಸಲಹೆ ಕೊಟ್ಟರು ಅನ್ನುವುದು ಆರೋಪ. ಆ ಶಾಲೆ ನಡೆಸುತ್ತಿದ್ದವರು ತಮ್ಮನ್ನು ‘ಷೇರುಪೇಟೆಯ ಹೆಣ್ಣು ತೋಳ’ ಅಂತ ಕರೆದುಕೊಳ್ಳುತ್ತಿದ್ದರು. ಆ ಬಿರುದು ಬೆಲ್‌ಫೋರ್ಟ್‌ನ ಪುಸ್ತಕದ ಹೆಸರಿನಿಂದ ಬಂದದ್ದು. ಮೋಸಗಾರನ ಅಡ್ಡಹೆಸರು ಇಲ್ಲಿ ಪದವಿ ಆಗಿತ್ತು. ಆರೋಪ ಸಾಬೀತಾಗುತ್ತದೋ ಇಲ್ಲವೋ, ಆ ಹೆಸರು ಇಟ್ಟುಕೊಂಡರೆ ಗಿರಾಕಿ ಜಾಸ್ತಿ ಬರುತ್ತಾರೆ ಅನ್ನುವ ನಂಬಿಕೆ ಇತ್ತಲ್ಲ, ನನಗೆ ಅದು ಸಾಕು.

ದಾವಣಗೆರೆಯಲ್ಲಿ ಈ ವ್ಯಾಪಾರಕ್ಕೆ ನೆಲ ಹದವಾಗಿದೆ. ಕಾಟನ್ ಮಿಲ್ಲುಗಳ ಕಾಲ ಹೋಯಿತು. ಈಗ ಊರಿನ ತುಂಬ ಕಾಲೇಜು, ಹಾಸ್ಟೆಲ್, ಪೇಯಿಂಗ್ ಗೆಸ್ಟ್. ಓದು ಮುಗಿಸಿದವರಿಗೆ ಬೆಂಗಳೂರು ಬಿಟ್ಟರೆ ಕೆಲಸ ಕಮ್ಮಿ. ಸುತ್ತಲ ತಾಲ್ಲೂಕುಗಳಲ್ಲಿ ಅಡಿಕೆ ದುಡ್ಡು ಇದೆ. ಕೈಯಲ್ಲಿ ಫೋನು ಇದೆ. ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಆಪ್ಷನ್ಸ್ ಆಡಿ ತಿಂಗಳಿಗೆ ಲಕ್ಷ ಅಂದರೆ ಯಾರಿಗೆ ಬೇಡ? ಸೆಬಿಯ 2024ರ ಸೆಪ್ಟೆಂಬರ್ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ಜನರಲ್ಲಿ ಶೇ 93 ಮಂದಿ ದುಡ್ಡು ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಈ ಅಂಕಿ ತೋರಿಸಿದರೆ ಹುಡುಗರು ಹೆದರುವುದಿಲ್ಲ. ಉಳಿದ ಶೇ 7ರಲ್ಲಿ ತಾನಿದ್ದೇನೆ ಅಂತ ಪ್ರತಿಯೊಬ್ಬನಿಗೂ ಖಾತ್ರಿ. ಕೋರ್ಸು ಮಾರುವವನು ಮಾರುವುದೂ ಆ ಖಾತ್ರಿಯನ್ನೇ.

ನ್ಯಾಯವಾಗಿ ಹೇಳಬೇಕು, 1990ರ ಅಮೆರಿಕದ ಗಿರಾಕಿಗಿಂತ ಇವತ್ತಿನ ನಮ್ಮ ಗಿರಾಕಿಗೆ ರಕ್ಷಣೆ ಹೆಚ್ಚು. ಷೇರು ನಮ್ಮದೇ ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ. ವ್ಯವಹಾರವಾದ 24 ಗಂಟೆಯೊಳಗೆ ಅದರ ವಿವರ ಬರೆದ ಕಾಂಟ್ರಾಕ್ಟ್ ನೋಟ್ ಬರಬೇಕು. ಮಾರಬೇಕಾದರೆ ಬ್ರೋಕರ್‌ನ ಮುಲಾಜು ಬೇಕಿಲ್ಲ, ಆ್ಯಪ್‌ನಲ್ಲಿ ನಾವೇ ಒತ್ತಬಹುದು. ಗಿರಾಕಿಗಳ ಷೇರನ್ನೇ ಅಡವಿಟ್ಟು ಸಾಲ ಎತ್ತಿದ 2019ರ ಕಾರ್ವಿ ಪ್ರಕರಣದ ನಂತರ ಅಡವಿನ ನಿಯಮವೂ ಬಿಗಿಯಾಯಿತು. ದೂರಿಗೆ ಸೆಬಿಯ ಸ್ಕೋರ್ಸ್ ವೆಬ್‌ಸೈಟ್ ಇದೆ. ಹಾಗಾಗಿ ನೋಂದಾಯಿತ ಬ್ರೋಕರ್ ಹತ್ತಿರ, ನಮ್ಮ ಹೆಸರಿನ ಖಾತೆಯಲ್ಲಿ ಮಾಡುವ ವ್ಯವಹಾರದಲ್ಲಿ ಸ್ಟ್ರಾಟನ್ ಮಾದರಿಯ ಮೋಸ ಕಷ್ಟ.

ಅದಕ್ಕೇ ಮೋಸ ಪಕ್ಕಕ್ಕೆ ಸರಿದಿದೆ. ನೋಂದಣಿ ಇಲ್ಲದ ವಾಟ್ಸ್ಆ್ಯಪ್ ಗುಂಪಿಗೆ, ನಕಲಿ ಆ್ಯಪ್‌ಗೆ, ಕ್ಲಾಸಿಗೆ. ನಕಲಿ ಆ್ಯಪ್‌ನಲ್ಲಿ ಲಾಭ ದಿನಾ ಏರುತ್ತದೆ, ತೆಗೆಯಲು ಹೋದರೆ ಮೊದಲು ಟ್ಯಾಕ್ಸ್ ಕಟ್ಟಿ ಅನ್ನುತ್ತಾರೆ. ಸ್ಟ್ರಾಟನ್‌ನ ಹಳೆಯ ಕೀಲು ಗುರುತು ಸಿಕ್ಕಿತಾ? ಕೊಳ್ಳಬಹುದು, ಮಾರುವಂತಿಲ್ಲ.

ಕ್ಲಾಸಿನ ವಿಷಯ ಇನ್ನೂ ಸೂಕ್ಷ್ಮ. ಷೇರಿನ ಪಾಠ ಮಾಡಲು ನೋಂದಣಿ ಬೇಕಿಲ್ಲ, ಇಲ್ಲದಿದ್ದರೆ ನನ್ನನ್ನೂ ಹಿಡಿಯಬೇಕಾಗುತ್ತದೆ. ಇಂಥ ಷೇರು ಇಂಥ ಬೆಲೆಗೆ ತಗೊಳ್ಳಿ ಅಂದ ಕೂಡಲೇ ಬೇಕು. ಈ ಗೆರೆಯನ್ನು ದಾಟುವವರನ್ನು ಹಿಡಿಯಲು ಸೆಬಿ 2025ರ ಜನವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಪಾಠ ಮಾಡುವವರು ಉದಾಹರಣೆಗೆ ಕಳೆದ ಮೂರು ತಿಂಗಳ ಬೆಲೆ ಬಳಸುವಂತಿಲ್ಲ ಅಂತ ಅದು ಹೇಳಿತು. ಹಳೆಯ ಬೆಲೆ ಇಟ್ಟುಕೊಂಡು ಮಾಡುವುದು ಪಾಠ, ಇವತ್ತಿನ ಬೆಲೆ ಇಟ್ಟುಕೊಂಡು ಮಾಡುವುದು ಟಿಪ್ಸ್ ಅನ್ನುವ ಸರಳ ಲೆಕ್ಕ. ನನಗೆ ಇದು ಇಷ್ಟವಾಯಿತು. ಕ್ಲಾಸಿನ ಜಾಹೀರಾತನ್ನು ಅಳೆಯಲು ಇದಕ್ಕಿಂತ ಸುಲಭದ ಕೋಲು ಬೇಕಿಲ್ಲ.

ಆದ್ದರಿಂದ ಈಗ ಈ ಪ್ರಕರಣದ ಜೊತೆ ಒಂದು ಕೆಲಸ ಕೊಡುತ್ತೇನೆ. ಪ್ರತಿಯೊಬ್ಬರೂ ತಮ್ಮ ಫೋನಿಗೆ ಬಂದ ಒಂದು ಟ್ರೇಡಿಂಗ್ ಕ್ಲಾಸಿನ ಜಾಹೀರಾತು ತರಬೇಕು. ಅದರಲ್ಲಿ ಇವತ್ತಿನ ಬೆಲೆ ಇದೆಯಾ, ಲಾಭದ ಸ್ಕ್ರೀನ್‌ಶಾಟ್ ಇದೆಯಾ, ನೋಂದಣಿ ನಂಬರ್ ಇದೆಯಾ ನೋಡಬೇಕು. ನಂಬರ್ ಇದ್ದರೆ ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಬೇಕು. ಸ್ಕ್ರೀನ್‌ಶಾಟ್ ಎಲ್ಲದರಲ್ಲೂ ಇತ್ತು. ನಂಬರ್ ಬಹಳ ಕಡಿಮೆ ಕಡೆ. 22 ತಿಂಗಳ ಲೆಕ್ಕ ಹಾಕಿದ್ದ ಹುಡುಗ ತಂದ ಜಾಹೀರಾತಿನಲ್ಲಿ ನಂಬರ್ ಇತ್ತು, ಪಟ್ಟಿಯಲ್ಲೂ ಸಿಕ್ಕಿತು. ಅದು ಬೇರೆ ಯಾವುದೋ ಊರಿನ, ಬೇರೆ ಹೆಸರಿನವರದು. “ಸರ್, ಇದಕ್ಕೆ ನಾನು ಆಗಲೇ ಅಡ್ವಾನ್ಸ್ ಕಟ್ಟಿದೀನಿ,” ಅಂದ. ರಸೀದಿ ಇದೆಯಾ ಅಂತ ಕೇಳಿದೆ. ಯುಪಿಐ ಮಾಡಿದ್ದ, ಯಾರದೋ ಸ್ವಂತ ಖಾತೆಗೆ. ಅವತ್ತೇ ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಬರೆಸಿದೆ.